ಶೂಜಿ ದೊಡ್ಡವರೋ, ಜೂಶಿ ದೊಡ್ಡವರೋ



ಇವತ್ತಿನ ಮಾತು ಎರಡು ಚೀನೀ ಪದಗಳಿಂದ ಶುರುವಾಗುತ್ತದೆ. ಒಂದು ಶೂಜಿ, ಇನ್ನೊಂದು ಜೂಶಿ. ನಮ್ಮ ಕಿವಿಗೆ ಒಂದನ್ನೇ ಮಗುಚಿ ಹಾಕಿ ಇನ್ನೊಂದು ಮಾಡಿದಂತೆ ಕೇಳಿಸುತ್ತದೆ. ಚೀನೀಯರಿಗೆ ಹಾಗೆ ಕೇಳಿಸುವುದಿಲ್ಲ ಅನ್ನಿ. ಅವರದು ದನಿ ಏರಿಸಿ ಇಳಿಸಿ ಅರ್ಥ ಬೇರೆ ಮಾಡುವ ಭಾಷೆ, ಬರೆಯುವ ಅಕ್ಷರಗಳೂ ಬೇರೆ. ಕಲಿಯಲು ಹೊರಟ ಕನ್ನಡಿಗನಿಗೆ ಮಾತ್ರ ಎರಡೂ ತಿರುಗುಮುರುಗು. ನನಗಂತೂ ಆರು ತಿಂಗಳು ಹಾಗೇ ಆಯಿತು.

ನಿವೃತ್ತಿಯಾದ ಹೊಸತರ ಮಾತಿದು. ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸದ ಮೇಲೆ ಬಂದಿದ್ದ ಚೀನೀ ಎಂಜಿನಿಯರ್ ಒಬ್ಬರು ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು. ಭಾನುವಾರ ಸಂಜೆ ನಾನು ಅವರಿಗೆ ಕನ್ನಡ, ಅವರು ನನಗೆ ಚೀನೀ. ದುಡ್ಡಿನ ಮಾತಿಲ್ಲ ಎಂದು ಒಪ್ಪಂದವಾಯಿತು. ಅವರು 'ಎಷ್ಟು', 'ಜಾಸ್ತಿ ಆಯ್ತು', 'ಮೀಟರ್ ಹಾಕಿ' ಇಷ್ಟನ್ನು ಕಲಿತು ಆಟೋದವರ ಹತ್ತಿರ ಗೆದ್ದು ಬರತೊಡಗಿದರು. ನಾನು ಮೂರು ಪೇಪರ್ ಓದುವ ಚಟದವನು. ತರಕಾರಿ ಹೆಸರು ಬಿಟ್ಟು ರಾಜಕೀಯದ ಪದಗಳನ್ನೇ ಕೇಳುತ್ತ ಕೂತೆ.

ಹಾಗೆ ಒಂದು ಭಾನುವಾರ, 2018ರ ಮಾರ್ಚ್ 11. ಅವತ್ತು ಬೀಜಿಂಗ್‌ನಲ್ಲಿ ಚೀನಾದ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಿತು. ಪರವಾಗಿ 2,958 ಮತ, ವಿರುದ್ಧ 2, ತಟಸ್ಥರು 3, ಒಂದು ಮತ ಕುಲಗೆಟ್ಟಿತ್ತು. ದೇಶದ ಅಧ್ಯಕ್ಷರು ಎರಡು ಅವಧಿಗಿಂತ ಹೆಚ್ಚು ಇರಕೂಡದು ಎಂದು 1982ರ ಸಂವಿಧಾನದಲ್ಲಿ ಇದ್ದ ಮಾತನ್ನು ತೆಗೆದುಹಾಕಿದರು. ನಾನು ಭಾರಿ ಸುದ್ದಿ ಹೇಳುವವನ ಹಾಗೆ, "ಇನ್ನು ಶಿ ಜಿನ್‌ಪಿಂಗ್ ಅವರಿಗೆ ಕಡಿವಾಣವೇ ಇಲ್ಲವಲ್ಲ" ಎಂದೆ. ನಮ್ಮ ಎಂಜಿನಿಯರ್ ರಾಜಕೀಯ ಮಾತಾಡುವವರಲ್ಲ. ಪಾಠ ಹೇಳುವ ದನಿಯಲ್ಲೇ, "ಅವಧಿ ಇದ್ದದ್ದು ಜೂಶಿಗೆ. ಶೂಜಿಗೆ ಯಾವತ್ತೂ ಇರಲಿಲ್ಲ" ಎಂದರು.

ಆ ಎರಡು ಪದ ನನಗೆ ಸರಿಯಾಗಿ ತಲೆಗೆ ಹತ್ತಿದ್ದು ಅಂದೇ.

ಶೂ ಅಂದರೆ ಬರಹ, ಪುಸ್ತಕ. ಜಿ ಅಂದರೆ ದಾಖಲಿಸು. ಶೂಜಿ ಅಂದರೆ ಬರೆದಿಡುವವನು, ಗುಮಾಸ್ತ. ನಮ್ಮ ಹಳೆಯ ಮಾತಿನಲ್ಲಿ ಶಾನುಭೋಗ ಅನ್ನಬಹುದು. ಜಪಾನಿನಲ್ಲಿ ಇದೇ ಅಕ್ಷರಗಳಿಗೆ ಇವತ್ತಿಗೂ ಗುಮಾಸ್ತನೆಂದೇ ಅರ್ಥ. 1921ರ ಜುಲೈನಲ್ಲಿ ಶಾಂಘೈನ ಒಂದು ಮನೆಯಲ್ಲಿ ಹದಿಮೂರು ಮಂದಿ ಪ್ರತಿನಿಧಿಗಳು ಸೇರಿ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಇಡೀ ದೇಶದಲ್ಲಿ ಆಗ ಸದಸ್ಯರಿದ್ದದ್ದು ಐವತ್ತಕ್ಕೆ ಸ್ವಲ್ಪ ಮೇಲೆ. ಪೊಲೀಸರ ಕಾಟಕ್ಕೆ ಕೊನೆಯ ದಿನದ ಸಭೆಯನ್ನು ಜಿಯಾಶಿಂಗ್ ಊರಿನ ಕೆರೆಯಲ್ಲಿ ದೋಣಿಯ ಮೇಲೆ ನಡೆಸಬೇಕಾಯಿತು. ಸಭೆಗೆ ಬಾರದೇ ಇದ್ದ ಚೆನ್ ದುಶಿಯು ಎಂಬ ಪ್ರಾಧ್ಯಾಪಕರನ್ನು ಶೂಜಿಯಾಗಿ ಆರಿಸಿದರು. ಅಷ್ಟು ಜನರ ಕೂಟಕ್ಕೆ ಲೆಕ್ಕಪತ್ರ ನೋಡಿಕೊಳ್ಳುವವರು ಒಬ್ಬರಿದ್ದರೆ ಸಾಕಿತ್ತು. ಮಂತ್ರಿ, ಸೇನಾನಿ ಮೊದಲಾದ ಹಳೆಯ ದರ್ಬಾರಿನ ಹೆಸರುಗಳು ಅವರಿಗೆ ಬೇಡವಾಗಿದ್ದವು ಎಂದು ನನಗೆ ತೋರುತ್ತದೆ. ಈಗ ಆ ಪಕ್ಷದ ಸದಸ್ಯರ ಸಂಖ್ಯೆ 10 ಕೋಟಿ ದಾಟಿದೆ. ಗುಮಾಸ್ತನ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಮುಂದೆ 'ಒಟ್ಟು' ಎನ್ನುವ ಅರ್ಥದ ಝೋಂಗ್ ಸೇರಿ ಝೋಂಗ್ ಶೂಜಿ ಆಗಿದೆ. ನಾವು ಪೇಪರಿನಲ್ಲಿ ಪ್ರಧಾನ ಕಾರ್ಯದರ್ಶಿ ಎಂದು ಬರೆಯುತ್ತೇವಲ್ಲ, ಅದು.

ರಷ್ಯಾದಲ್ಲೂ ಹೀಗೇ ಆಗಿತ್ತು. 1922ರಲ್ಲಿ ಸ್ಟಾಲಿನ್‌ಗೆ ಪಕ್ಷದ ಕಾರ್ಯದರ್ಶಿತನ ಸಿಕ್ಕಾಗ ಅದೊಂದು ಕಾಗದ ಪತ್ರದ ಕೆಲಸವೆಂದು ಉಳಿದ ಘಟಾನುಘಟಿಗಳು ಅದರ ಕಡೆ ತಲೆಯೆತ್ತಿ ನೋಡಲಿಲ್ಲ. ಯಾರನ್ನು ಎಲ್ಲಿಗೆ ವರ್ಗ ಮಾಡುವುದು, ಯಾರ ಹೆಸರು ಪಟ್ಟಿಯಲ್ಲಿರಬೇಕು ಎಂಬುದೂ ಕಾಗದದ ಕೆಲಸವೇ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಒಂದು ಕಾಲಕ್ಕೆ ಶಾನುಭೋಗರ ಲೇಖಣಿಗೆ ಊರ ಗೌಡರೂ ಹೆದರುತ್ತಿದ್ದರು ಎಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೀನಾದ ಆಡಳಿತದ ಗುಟ್ಟು ಅಡಗಿರುವುದು ಇಲ್ಲಿಯೇ. ಪ್ರತಿ ಪ್ರಾಂತ್ಯಕ್ಕೆ ಒಬ್ಬ ಪ್ರಾಂತ್ಯಾಧಿಕಾರಿ, ಅವನ ಪಕ್ಕದಲ್ಲಿ ಪಕ್ಷದ ಒಬ್ಬ ಶೂಜಿ. ನಗರಕ್ಕೆ ಒಬ್ಬ ಮೇಯರ್, ಪಕ್ಕದಲ್ಲಿ ಶೂಜಿ. ವಿಶ್ವವಿದ್ಯಾಲಯಕ್ಕೆ ಒಬ್ಬ ಕುಲಪತಿ, ಪಕ್ಕದಲ್ಲಿ ಶೂಜಿ. ಬಹುಕಾಲ ಹಳ್ಳಿಯವರೆಗೂ ಇದೇ ಜೋಡಿ ಇತ್ತು. ಎಲ್ಲ ಕಡೆಯೂ ಕೊನೆಯ ಮಾತು ಶೂಜಿಯದು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರಿಗಿಂತ ಕಾರ್ಯದರ್ಶಿ ದೊಡ್ಡವರು ಎಂದು ಕಾನೂನಾದಂತೆ. ಕಾನೂನಾಗದೆಯೇ ಹಾಗಿದೆ ಎಂದು ನಿಮ್ಮಲ್ಲಿ ಕೆಲವರು ಗೊಣಗುತ್ತಿರಬಹುದು. ಆ ವಿಷಯಕ್ಕೆ ಇವತ್ತು ಹೋಗುವುದು ಬೇಡ.

ಇನ್ನು ಜೂಶಿ. ಜೂ ಅಂದರೆ ಒಡೆಯ, ಯಜಮಾನ. ಆ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿ ಇರುತ್ತದೆ. ಹಿಂದೆ ಅದು ದೀಪದ ಕುಡಿ, ಕೆಳಗಿನ ಗೀಟುಗಳೆಲ್ಲ ದೀಪದ ಕಂಬ ಎಂದು ಹಳೆಯ ನಿಘಂಟು ಹೇಳುತ್ತದೆ. ಶಿ ಅಂದರೆ ಚಾಪೆ. ಹೌದು, ಕೂರುವ ಚಾಪೆ. ಹಳೆಯ ಚೀನಾದಲ್ಲಿ ಜನ ನಮ್ಮ ಹಾಗೆಯೇ ನೆಲದ ಮೇಲೆ ಕೂರುತ್ತಿದ್ದರು. ಕುರ್ಚಿ ಮನೆಮನೆಗೆ ಬಂದದ್ದು ಆಮೇಲೆ. ಔತಣದ ಪಂಕ್ತಿಗೂ ಶಿ ಎನ್ನುತ್ತಾರೆ. ಸಭೆಗೆ ಹಾಜರಾದರೆ 'ಚಾಪೆಗೆ ಬಂದ' ಹಾಗೆ, ಗೈರುಹಾಜರಾದರೆ 'ಚಾಪೆ ಖಾಲಿ'. ಜೂಶಿ ಅಂದರೆ ಪಂಕ್ತಿಯ ತಲೆಯಲ್ಲಿರುವ ಮುಖ್ಯ ಚಾಪೆ, ಅದರ ಮೇಲೆ ಕೂತವರು. ಮಾವೋ ತ್ಸೆತುಂಗ್ ಅವರನ್ನು ಜಗತ್ತು ಚೇರ್ಮನ್ ಮಾವೋ ಎಂದು ಕರೆದದ್ದು ಈ ಚಾಪೆಯನ್ನು ಕುರ್ಚಿ ಮಾಡಿಕೊಂಡು. ಈಗಿನ ಜೂಶಿ ಶಿ ಜಿನ್‌ಪಿಂಗ್ ಅವರ ಮನೆತನದ ಹೆಸರು ಶಿ. ಚಾಪೆಯ ಶಿಯೂ ಅವರ ಶಿಯೂ ದನಿಯಲ್ಲಿ ಒಂದೇ, ಅಕ್ಷರ ಮಾತ್ರ ಬೇರೆ. ಅವರದಕ್ಕೆ ಅಭ್ಯಾಸವೆಂದು ಅರ್ಥ.

ಇಲ್ಲಿ ನಮ್ಮ ಪದಗಳನ್ನು ಒಂದಿಷ್ಟು ತಿರುಗಿಸಿ ನೋಡೋಣ. ಅಧ್ಯಕ್ಷ ಅಂದರೆ ಮೇಲೆ ಕಣ್ಣಿಟ್ಟವನು; ಅಧಿ, ಅಕ್ಷ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ, ಗೋಧ್ಯಕ್ಷ, ನಾವಧ್ಯಕ್ಷ ಎಂದು ಸಾಲುಸಾಲಾಗಿ ಬರುತ್ತಾರೆ. ಹೆಂಡ, ದನ, ದೋಣಿ ಎಲ್ಲದರ ಮೇಲೂ ಒಂದೊಂದು ಕಣ್ಣು. ಕಾರ್ಯದರ್ಶಿ ಅಂದರೆ ಕೆಲಸವನ್ನು ನೋಡುವವನು. ಅಲ್ಲೂ ಕಣ್ಣೇ. ನಮ್ಮಲ್ಲಿ ಇಬ್ಬರೂ ನೋಡುವವರು. ಚೀನಾದಲ್ಲಿ ಒಬ್ಬ ಬರೆಯುವವನು, ಇನ್ನೊಬ್ಬ ಕೂರುವವನು. ಬರೆಯುವ ಕೈ ಕೂರುವ ಚಾಪೆಗಿಂತ ದೊಡ್ಡದು ಎಂಬುದನ್ನು 2018ರ ಆ ಭಾನುವಾರ ನಮ್ಮ ಎಂಜಿನಿಯರ್ ಎರಡೇ ವಾಕ್ಯದಲ್ಲಿ ಹೇಳಿದ್ದರು. ಶಿ ಜಿನ್‌ಪಿಂಗ್ ಅವರಿಗೆ ಮೂರು ಹುದ್ದೆ. ಪಕ್ಷದ ಝೋಂಗ್ ಶೂಜಿ, ಸೇನಾ ಆಯೋಗದ ಜೂಶಿ, ದೇಶದ ಜೂಶಿ. ಅವಧಿಯ ಬೇಲಿ ಇದ್ದದ್ದು ಮೂರನೆಯದಕ್ಕೆ ಮಾತ್ರ.

ದೇಶದ ಜೂಶಿ ಎಂಬುದು ಎಷ್ಟು ತೆಳುವಾದ ಚಾಪೆ ಎಂಬುದಕ್ಕೆ ಒಂದು ಕಥೆ ಉಂಟು. 1959ರಲ್ಲಿ ಮಾವೋ ಆ ಹುದ್ದೆಯನ್ನು ಲಿಯು ಶಾವೋಚಿ ಅವರಿಗೆ ಬಿಟ್ಟುಕೊಟ್ಟು, ಪಕ್ಷದ ಜೂಶಿಯಾಗಿ ತಾವು ಉಳಿದರು. ಹೀಗೆ ಒಂದೇ ದೇಶದಲ್ಲಿ ಇಬ್ಬರು ಜೂಶಿ: ಮಾವೋ ಜೂಶಿ, ಲಿಯು ಜೂಶಿ. ಸಾಂಸ್ಕೃತಿಕ ಕ್ರಾಂತಿ ಬಂತು. ಪಕ್ಷದ ಜೂಶಿ ಮುನಿದರು. ದೇಶದ ಜೂಶಿಯನ್ನು ಮನೆಯಲ್ಲೇ ಕೂಡಿಹಾಕಿದರು, ಹೊಡೆದರು, 1968ರಲ್ಲಿ ಪಕ್ಷದಿಂದ ಹೊರಹಾಕಿದರು. ಮರುವರ್ಷ ನವೆಂಬರಿನಲ್ಲಿ ಕೈಫೆಂಗ್ ಊರಿನಲ್ಲಿ ಅವರು ತೀರಿಕೊಂಡಾಗ ಸುಡುಗಾಡಿನ ದಾಖಲೆಯಲ್ಲಿ ಬೇರೊಂದು ಹೆಸರು ಬರೆದರು. ಉದ್ಯೋಗ ಎಂಬ ಕಡೆ 'ಇಲ್ಲ' ಎಂದು ಬರೆದರು. ಚೀನಾ ದೇಶದ ಅಧ್ಯಕ್ಷರಾಗಿದ್ದವರ ಉದ್ಯೋಗ, ಇಲ್ಲ. ಅದನ್ನು ಬರೆದವನೂ ಯಾರೋ ಒಬ್ಬ ಗುಮಾಸ್ತನೇ. 1980ರಲ್ಲಿ ಅವರ ಮೇಲಿನ ಆರೋಪಗಳನ್ನೆಲ್ಲ ತೆಗೆದು ಗೌರವ ಕೊಟ್ಟರು. 1982ರಲ್ಲಿ ಪಕ್ಷದಲ್ಲಿ ಜೂಶಿ ಎಂಬ ಹುದ್ದೆಯನ್ನೇ ರದ್ದುಮಾಡಿ, ಶೂಜಿಯನ್ನು ಮೇಲಕ್ಕೆ ಕೂರಿಸಿದರು. ಇನ್ನೊಬ್ಬ ಮಾವೋ ಬೇಡವೆಂದು.

ಆ ವರ್ಷದಿಂದ ದೇಶದ ಜೂಶಿಗೆ ಇಂಗ್ಲಿಷಿನಲ್ಲಿ ಚೇರ್ಮನ್ ಹೋಗಿ ಪ್ರೆಸಿಡೆಂಟ್ ಬಂತು. ಚೀನೀ ಭಾಷೆಯಲ್ಲಿ ಒಂದು ಗೀಟೂ ಬದಲಾಗಲಿಲ್ಲ. ಅಮೆರಿಕದ ಅಧ್ಯಕ್ಷರನ್ನು, ನಮ್ಮ ರಾಷ್ಟ್ರಪತಿಯವರನ್ನು ಚೀನೀಯರು ಜೂಶಿ ಎನ್ನುವುದಿಲ್ಲ. ಅದಕ್ಕೆ ಝೋಂಗ್‌ತೋಂಗ್ ಎಂಬ ಬೇರೆ ಪದವಿದೆ. 1912ರ ಜನವರಿ 1ರಂದು ನಾನ್‌ಜಿಂಗ್‌ನಲ್ಲಿ ಸುನ್ ಯಾತ್‌ಸೆನ್ ವಹಿಸಿಕೊಂಡದ್ದು ಆ ಹೆಸರಿನ ಹುದ್ದೆ. ಒಳಗೆ ಚಾಪೆ, ಹೊರಗೆ ಪ್ರೆಸಿಡೆಂಟ್. ಕನ್ನಡ ಪತ್ರಿಕೆಗಳಿಗೆ ಈ ತಲೆನೋವಿಲ್ಲ. ಚೇರ್ಮನ್ ಆದರೂ ಪ್ರೆಸಿಡೆಂಟ್ ಆದರೂ ನಮಗೆ ಅಧ್ಯಕ್ಷರೇ. ಹಾಲಿನ ಸಂಘಕ್ಕೂ ಅಧ್ಯಕ್ಷರು, ಅಮೆರಿಕಕ್ಕೂ ಅಧ್ಯಕ್ಷರು. ರಾಷ್ಟ್ರಪತಿ ಎಂಬುದನ್ನು ನಮ್ಮವರಿಗೇ ಮೀಸಲಿಟ್ಟಿದ್ದೇವೆ. ಈ ಒಂದು ವಿಷಯದಲ್ಲಿ ನಾವೂ ಚೀನೀಯರೂ ಒಂದೇ ಬುದ್ಧಿಯವರು: ಮನೆಗೊಂದು ಪದ, ಹೊರಗಿನವರಿಗೊಂದು ಪದ.

ಚಾಪೆ ಸಿಕ್ಕ ಮೇಲೆ ನಾನು ಬೇರೆ ಗೃಹೋಪಯೋಗಿ ವಸ್ತುಗಳನ್ನೂ ಹುಡುಕತೊಡಗಿದೆ. ಸಿಕ್ಕವು. ಮಹಾನಾಯಕ ಎನ್ನುವುದಕ್ಕೆ ಲಿಂಗ್‌ಶಿಯು ಎನ್ನುತ್ತಾರೆ. ಬಿಡಿಸಿದರೆ ಅಂಗಿಯ ಕತ್ತುಪಟ್ಟಿ ಮತ್ತು ತೋಳು. ಅಂಗಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವೆರಡೇ ಅಲ್ಲವೇ. 'ಪಕ್ಷದ ತಿರುಳು' ಎಂಬ ಮಾತಿದೆ, ಹೆಶಿನ್. ಅದರಲ್ಲಿ ಹೆ ಅಂದರೆ ಹಣ್ಣಿನ ಒಳಗಿನ ಗೊರಟೆ, ನಮ್ಮ ಮಾವಿನ ಓಟೆಯಂಥದು. 1989ರಲ್ಲಿ ದೆಂಗ್ ಶಿಯಾವೊಪಿಂಗ್ ಲೆಕ್ಕ ಹಾಕಿ, ಮೊದಲ ತಲೆಮಾರಿನ ಓಟೆ ಮಾವೋ, ಎರಡನೆಯದರ ಓಟೆ ತಾನು, ಮೂರನೆಯದರದು ಜಿಯಾಂಗ್ ಝೆಮಿನ್ ಎಂದು ಹೇಳಿದರು. ಮುಂದೆ ಬಂದ ಹು ಜಿಂತಾವೊ ಅವರಿಗೆ ಹತ್ತು ವರ್ಷ ಆಳಿದರೂ ಆ ಪದ ದಕ್ಕಲಿಲ್ಲ. ಶಿ ಜಿನ್‌ಪಿಂಗ್ ಅವರಿಗೆ 2016ರ ಅಕ್ಟೋಬರಿನಲ್ಲಿ ದಕ್ಕಿತು. ಬೀಜಿಂಗ್ ಬಲ್ಲ ಪತ್ರಕರ್ತರು ಅಲ್ಲಿನ ಪ್ರಕಟಣೆಗಳನ್ನು ಓದುವುದೇ ಹೀಗೆ. ಯಾವ ಪದ ಬಂತು, ಯಾವುದು ಬರಲಿಲ್ಲ, ಯಾರ ಹೆಸರಿನ ಹಿಂದೆ ಓಟೆ ಸೇರಿತು ಎಂದು ಭೂತಗನ್ನಡಿ ಹಿಡಿದು ಕೂರುತ್ತಾರೆ. ಪಂಚಾಂಗ ನೋಡುವ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಟೋಪಿಯದು ದೊಡ್ಡ ಅಧ್ಯಾಯ. ಹಿಂದಿನ ಅಧಿಕಾರಿಗಳು ಕಪ್ಪು ಜಾಳಿಗೆ ಬಟ್ಟೆಯ ಟೋಪಿ ಹಾಕುತ್ತಿದ್ದರು. ಇವತ್ತಿಗೂ ಕೆಲಸ ಕಳೆದುಕೊಂಡ ಅಧಿಕಾರಿಗೆ 'ಕಪ್ಪು ಟೋಪಿ ಹೋಯಿತು' ಎನ್ನುತ್ತಾರೆ. ಇನ್ನೊಂದು ಟೋಪಿ ತಾನಾಗಿ ಹಾಕಿಕೊಳ್ಳುವುದಲ್ಲ, ಇತರರು ಹಾಕುವುದು. ನಮ್ಮಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು; ಅಲ್ಲಿ ಹಣೆಪಟ್ಟಿ ಕಟ್ಟುವುದು. 1957ರಲ್ಲಿ ಬಲಪಂಥೀಯ ಎಂಬ ಟೋಪಿಯನ್ನು 5 ಲಕ್ಷಕ್ಕೂ ಹೆಚ್ಚು ಜನರ ತಲೆಗೆ ಹಾಕಿದರು. ಅವರಲ್ಲಿ ಮೇಷ್ಟ್ರುಗಳು, ಬರಹಗಾರರು, ಎಂಜಿನಿಯರುಗಳು ಎಲ್ಲ ಇದ್ದರು. ಟೋಪಿ ಬಿದ್ದವರ ಕೆಲಸ ಹೋಯಿತು, ಎಷ್ಟೋ ಮಂದಿ ಹಳ್ಳಿಗಾಡಿಗೆ ಮಣ್ಣು ಹೊರಲು ಹೋದರು, ಮಕ್ಕಳಿಗೆ ಕಾಲೇಜು ತಪ್ಪಿತು. 1978ರ ಹೊತ್ತಿಗೆ ಟೋಪಿ ತೆಗೆಯುವ ಕೆಲಸ ದೊಡ್ಡದಾಗಿ ನಡೆಯಿತು. ಅದಕ್ಕೆ ಮೊದಲೇ ಟೋಪಿ ಕಳಚಿದವರನ್ನೂ ಬಹುಕಾಲ 'ಟೋಪಿ ತೆಗೆಸಿಕೊಂಡ ಬಲಪಂಥೀಯ' ಎಂದೇ ಕರೆಯುತ್ತಿದ್ದರಂತೆ, ಅದೂ ಒಂದು ಟೋಪಿಯೇ ಆಯಿತು. ಇತ್ತೀಚೆಗೆ ಇದೇ ಮಾತಿಗೆ ಒಳ್ಳೆಯ ದಿನ ಬಂದಿದೆ. ಬಡ ಜಿಲ್ಲೆ ಎಂದು ಗುರುತಿಸಿದ್ದ 832 ಕಡೆಗಳ ಬಡತನದ ಟೋಪಿಯನ್ನೂ ತೆಗೆದೆವು ಎಂದು 2020ರ ನವೆಂಬರಿನಲ್ಲಿ ಸರ್ಕಾರ ಸಾರಿತು.

ಟೋಪಿ ಇದ್ದವರನ್ನು ಕರೆಯುವ ಬಗೆಯೂ ತಮಾಷೆಯದು. ಅಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ಮನೆತನದ ಹೆಸರಿಗೆ ಹುದ್ದೆ ಸೇರಿಸಿ ಕರೆಯುತ್ತಾರೆ. ಉಪ ಎನ್ನುವುದಕ್ಕೆ ಫೂ ಎನ್ನುತ್ತಾರೆ. ಉಪನಿರ್ದೇಶಕರನ್ನು ಎದುರಿಗೆ ಕರೆಯುವಾಗ ಫೂ ನುಂಗಿ ನಿರ್ದೇಶಕರೇ ಎನ್ನುವುದು ಮರ್ಯಾದೆ. ನಾವೂ ಅಷ್ಟೇ ತಾನೆ, ಉಪತಹಶೀಲ್ದಾರರ ಎದುರು ನಿಂತು ಉಪ ಎಂದವರುಂಟೇ? ಸಂಕಟವಿರುವುದು ಫೂ ಎಂಬುದೇ ಮನೆತನದ ಹೆಸರಾದವರಿಗೆ. ಆಯುಷ್ಯವೆಲ್ಲ ದುಡಿದು ಪೂರ್ಣ ನಿರ್ದೇಶಕರಾಗಿರುತ್ತಾರೆ, ಕರೆದರೆ ಉಪನಿರ್ದೇಶಕ ಎಂದೇ ಕೇಳಿಸುತ್ತದೆ. ಅದೇ ಝೆಂಗ್ ಮನೆತನದವರಿಗೆ ಅದೃಷ್ಟ. ಝೆಂಗ್ ಅಂದರೆ ಪೂರ್ಣ, ನೇರ ಎಂದೂ ಅರ್ಥ. ಉಪನಿರ್ದೇಶಕರಾದ ಝೆಂಗ್ ಅವರು ಕರೆಸಿಕೊಳ್ಳುವಾಗ ಪೂರ್ಣ ನಿರ್ದೇಶಕರು. ಝೆಂಗ್ ನಿರ್ದೇಶಕರು ಉಪ, ಫೂ ನಿರ್ದೇಶಕರು ಪೂರ್ಣ. ಹೊಸದಾಗಿ ಕಚೇರಿ ಸೇರಿದ ಹುಡುಗ ಯಾರ ಮುಂದೆ ಫೈಲು ಇಡಬೇಕು? ನಮ್ಮ ಎಂಜಿನಿಯರ್ ಇದನ್ನು ಹೇಳಿ ತಾವೇ ಬಿದ್ದು ಬಿದ್ದು ನಕ್ಕರು. ಆಡಳಿತ ಎಂಬ ಪದವೂ ಝೆಂಗ್ ಎಂದೇ ಶುರುವಾಗುತ್ತದೆ. ಆಳುವುದೆಂದರೆ ನೆಟ್ಟಗಿರಿಸುವುದು ಎಂದು ಕನ್‌ಫ್ಯೂಶಿಯಸ್ ಈ ಎರಡು ಝೆಂಗ್‌ಗಳ ಮೇಲೆ ಶ್ಲೇಷೆ ಮಾಡಿದ್ದರು. ಎರಡೂವರೆ ಸಾವಿರ ವರ್ಷದಿಂದ ಅಲ್ಲಿನ ಅಧಿಕಾರಿಗಳು ಅದನ್ನು ಕೇಳುತ್ತಲೇ ಬಂದಿದ್ದಾರೆ.

ಇಷ್ಟೆಲ್ಲ ಊರ ಪದಗಳಾದವು. ಹೊರಗಿನಿಂದ ಬಂದ ವಿಚಾರಗಳಿಗೆ ಏನು ಮಾಡಿದರು? ಚೀನೀ ಭಾಷೆ ಪರರ ಪದವನ್ನು ಅದರ ದನಿಯಲ್ಲೇ ಸುಲಭವಾಗಿ ನುಂಗುವುದಿಲ್ಲ. ಏಳನೆಯ ಶತಮಾನದಲ್ಲಿ ಶುವಾನ್‌ಝಾಂಗ್, ನಮ್ಮ ಪಾಠಪುಸ್ತಕಗಳ ಹ್ಯೂಯೆನ್ ತ್ಸಾಂಗ್, ಬಾದಾಮಿಯ ಚಾಲುಕ್ಯರ ಸೀಮೆಗೂ ಬಂದಿದ್ದ. ಇಮ್ಮಡಿ ಪುಲಕೇಶಿಯ ಹೆಸರನ್ನು ಅವನು ನಾಲ್ಕು ಅಕ್ಷರಗಳಲ್ಲಿ ಬರೆದುಕೊಂಡ. ಈಗಿನ ಉಚ್ಚಾರದಲ್ಲಿ ಓದಿದರೆ ಅದು 'ಬು-ಲುವೊ-ಜಿ-ಶ' ಆಗುತ್ತದೆ. ಕೇಳಿದರೆ ಪುಲಕೇಶಿಯೇ ತಿರುಗಿ ನೋಡುತ್ತಿದ್ದನೋ ಇಲ್ಲವೋ. ರಾಜನ ಹೆಸರಿಗೆ ಇದಾದೀತು, ರಾಜ್ಯಶಾಸ್ತ್ರಕ್ಕೆ ಆಗದು. 1919ರ ಸುಮಾರಿಗೆ ಡೆಮಾಕ್ರಸಿಯನ್ನೂ ಹೀಗೆಯೇ 'ದೆಮೊಕೆಲಾಶಿ' ಎಂದು ಬರೆದು ನೋಡಿದರು. ಬಾಯಿಗೆ ಹೊಂದಲಿಲ್ಲ. ಚೆನ್ ದುಶಿಯು, ಮುಂದೆ ಮೊದಲ ಶೂಜಿಯಾದ ಅದೇ ಪ್ರಾಧ್ಯಾಪಕರು, ಅದನ್ನು ಮೊಟಕು ಮಾಡಿ 'ಶ್ರೀಮಾನ್ ದೆ' ಎಂದು ಕರೆದರು. ಸೈನ್ಸ್‌ಗೆ 'ಶ್ರೀಮಾನ್ ಸೈ'. ಈ ಇಬ್ಬರು ಮಹನೀಯರು ಮಾತ್ರ ಚೀನಾವನ್ನು ಕತ್ತಲೆಯಿಂದ ಪಾರುಮಾಡಬಲ್ಲರು ಎಂದು ತಮ್ಮ 'ಹೊಸ ಯೌವನ' ಪತ್ರಿಕೆಯಲ್ಲಿ ವಾದಿಸಿದರು.

ಬಾಯಲ್ಲಿ ನಿಂತದ್ದು ಇನ್ನೊಂದು ಪದ, ಮಿನ್‌ಜೂ. ಮಿನ್ ಅಂದರೆ ಜನ. ಜೂ ನಿಮಗೆ ಗೊತ್ತು, ಜೂಶಿಯ ಜೂ, ದೀಪದ ಕುಡಿಯ ಒಡೆಯ. ಹಳೆಯ ಗ್ರಂಥಗಳಲ್ಲಿ ಮಿನ್‌ಜೂ ಅಂದರೆ ಜನರ ಒಡೆಯ, ಅಂದರೆ ರಾಜ! 1864ರಲ್ಲಿ ಬೀಜಿಂಗ್‌ನಲ್ಲಿದ್ದ ಮಾರ್ಟಿನ್ ಎಂಬ ಅಮೆರಿಕನ್ ಪಾದ್ರಿ ಅಂತರರಾಷ್ಟ್ರೀಯ ಕಾನೂನಿನ ಪುಸ್ತಕವೊಂದನ್ನು ಚೀನೀಗೆ ತರುವಾಗ ಈ ಪದವನ್ನು ತಲೆಕೆಳಗು ಮಾಡಿ, ಜನರೇ ಒಡೆಯರಾದ ದೇಶ ಎಂಬ ಅರ್ಥದಲ್ಲಿ ಬಳಸಿದರು. ಅದೇ ಎರಡು ಅಕ್ಷರ, ಅದೇ ಕ್ರಮ. ನಾನು ಇದನ್ನು ಕೇಳಿ ಬಾಯಿ ಬಿಟ್ಟು ಕೂತೆ. ಯಾಕೆಂದರೆ ನಮ್ಮ ಪ್ರಜಾಪ್ರಭುತ್ವವೂ ಹಾಗೆಯೇ ಇದೆ. ಪ್ರಜಾಪ್ರಭು ಎಂಬುದಕ್ಕೆ ವಿಗ್ರಹವಾಕ್ಯ ಹೇಳಿ ಎಂದರೆ 'ಪ್ರಜೆಗಳಿಗೆ ಪ್ರಭು' ಎನ್ನಬಹುದು, 'ಪ್ರಜೆಗಳೇ ಪ್ರಭುಗಳು' ಎಂದೂ ಅನ್ನಬಹುದು. ಸಮಾಸ ಒಡೆಯುವವನ ಕೈಯಲ್ಲಿದೆ ಎಲ್ಲ. ಚೀನಾದ ಸಂವಿಧಾನದಲ್ಲೂ ಮಿನ್‌ಜೂ ಇದೆ. ಮೊದಲ ವಿಧಿಯಲ್ಲೇ 'ಜನತೆಯ ಮಿನ್‌ಜೂ ಸರ್ವಾಧಿಕಾರ' ಎಂದು ಬರುತ್ತದೆ. ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ಇದ್ದಿದ್ದರೆ ಇದಕ್ಕೆ ಯಾವ ಸಮಾಸ ಹೇಳುತ್ತಿದ್ದರು ಎಂದು ಯೋಚಿಸಿದ್ದೇನೆ.

ಕ್ರಾಂತಿ ಎನ್ನುವುದು ಗೆಮಿಂಗ್. ಗೆ ಅಂದರೆ ತೊಗಲು ಸುಲಿಯುವುದು. ಮಿಂಗ್ ಅಂದರೆ ಆಜ್ಞೆ, ಆಕಾಶವು ರಾಜನಿಗೆ ಕೊಟ್ಟ ಅಪ್ಪಣೆ. ಕೆಟ್ಟ ರಾಜವಂಶದಿಂದ ಆ ಅಪ್ಪಣೆಯನ್ನು ಸುಲಿದು ಇನ್ನೊಂದಕ್ಕೆ ಕೊಡುವುದು ಮೂಲದ ಗೆಮಿಂಗ್. ಅದರಲ್ಲಿ ರಾಜ ಬದಲಾಗುತ್ತಾನೆಯೇ ಹೊರತು ರಾಜತನ ಹೋಗುವುದಿಲ್ಲ. ಗಣರಾಜ್ಯಕ್ಕೆ ಗೋಂಗ್‌ಹೆ ಎನ್ನುತ್ತಾರೆ. ಕ್ರಿ.ಪೂ. 841ರಲ್ಲಿ ಝೌ ವಂಶದ ಲೀ ಎಂಬ ದೊರೆಯನ್ನು ಜನ ದಂಗೆಯೆದ್ದು ಓಡಿಸಿದರು. ಹದಿನಾಲ್ಕು ವರ್ಷ ಸಿಂಹಾಸನ ಖಾಲಿ. ಇಬ್ಬರು ಸಾಮಂತರು ಕೂಡಿ ರಾಜ್ಯ ನಡೆಸಿದರು ಎಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಆ ಕಾಲದ ಹೆಸರು ಗೋಂಗ್‌ಹೆ. ಚೀನಾದ ಇತಿಹಾಸಕ್ಕೆ ವರ್ಷ ವರ್ಷದ ಲೆಕ್ಕ ಸಿಗುವುದೂ ಅಲ್ಲಿಂದಲೇ. ರಾಜನಿಲ್ಲದ ರಾಜ್ಯಕ್ಕೆ ಪದ ಬೇಕೆಂದಾಗ ಪಂಡಿತರು ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಕೈಚಾಚಿ ಇದನ್ನು ಎತ್ತಿಕೊಂಡರು.

ವಿಚಿತ್ರವೆಂದರೆ ಹಾಗೆ ಎತ್ತಿಕೊಂಡವರು ಚೀನೀಯರಲ್ಲ, ಜಪಾನೀಯರು. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ಪುಸ್ತಕಗಳನ್ನು ಓದಿಕೊಂಡ ಜಪಾನೀ ಪಂಡಿತರು ಹೊಸ ವಿಚಾರಗಳಿಗೆ ಚೀನೀ ಅಕ್ಷರಗಳನ್ನು ಜೋಡಿಸಿದರು. ಅಲ್ಲಿಗೆ ಓದಲು ಹೋದ ಚೀನೀ ಹುಡುಗರು ಅವನ್ನು ಗಂಟುಕಟ್ಟಿ ಮನೆಗೆ ತಂದರು. ಸಮಾಜ, ವಾದ, ಅರ್ಥವ್ಯವಸ್ಥೆ ಎಂಬ ಪದಗಳೆಲ್ಲ ಹೀಗೆ ತವರಿಗೆ ಮರಳಿದ ಹೆಣ್ಣುಮಕ್ಕಳು. ಪಕ್ಷದ ಕಾರ್ಯಕರ್ತ ಅಧಿಕಾರಿಗೆ ಗಾನ್‌ಬು ಎನ್ನುತ್ತಾರೆ, ಅದೂ ಜಪಾನಿನ ಸರಕು. ಅಂದರೆ ಜಪಾನೀಯರನ್ನು ಎದುರಿಸಿ ಕಾದಾಡಿದ ಗಾನ್‌ಬುಗಳೆಲ್ಲ ಹೊತ್ತಿದ್ದದ್ದು ಜಪಾನೀ ಹೆಸರನ್ನು. ನಮ್ಮದೂ ಬೆರಕೆಯ ಸಂಸಾರವೇ. ಸರ್ಕಾರ, ಜಿಲ್ಲೆ, ತಾಲ್ಲೂಕು, ತಹಶೀಲ್ದಾರ್, ಅರ್ಜಿ, ಕಾನೂನು ಪಾರಸಿ ಅರಬ್ಬಿಯಿಂದ ಬಂದವು. ಸಂವಿಧಾನ, ಗಣರಾಜ್ಯ, ಪ್ರಜಾಪ್ರಭುತ್ವ ಸಂಸ್ಕೃತದವು. ಧ್ವಜ ಹಾರಿಸುವಾಗ ಸಂಸ್ಕೃತ, ಅರ್ಜಿ ಹಿಡಿದು ಸಾಲಿನಲ್ಲಿ ನಿಂತಾಗ ಪಾರಸಿ.

ಸಾಲಿನಲ್ಲಿ ನಿಲ್ಲುವವರಿಗೂ ಹೆಸರಿದೆ. ಲಾವೊಬೈಶಿಂಗ್, 'ಹಳೆಯ ನೂರು ಮನೆತನ'. ಒಂದು ಕಾಲಕ್ಕೆ ಮನೆತನದ ಹೆಸರಿದ್ದದ್ದು ದೊಡ್ಡವರಿಗೆ ಮಾತ್ರ, ಹಾಗಾಗಿ ನೂರು ಮನೆತನವೆಂದರೆ ಪಟೇಲರು ಪಾಳೆಯಗಾರರು ಎಂದಿತ್ತು. ಎಲ್ಲರಿಗೂ ಮನೆತನದ ಹೆಸರು ಬಂದ ಮೇಲೆ ಪದ ಕೆಳಗಿಳಿಯುತ್ತಾ ಇಳಿಯುತ್ತಾ ಈಗ ನಮ್ಮ 'ಶ್ರೀಸಾಮಾನ್ಯ' ಆಗಿದೆ. ಜನಸಂಖ್ಯೆಗೆ ರೆನ್‌ಕೌ, 'ಮನುಷ್ಯ ಬಾಯಿ'. ನಾವು ತಲೆ ಎಣಿಸುತ್ತೇವೆ, ಅವರು ಬಾಯಿ ಎಣಿಸುತ್ತಾರೆ. ನಮ್ಮ ಅಜ್ಜಿಯೂ ಅಕ್ಕಿ ಅಳೆಯುವಾಗ "ಎಷ್ಟು ಬಾಯಿಗೆ?" ಎಂದೇ ಕೇಳುತ್ತಿದ್ದರು. 1958ರಲ್ಲಿ ಹುಕೌ ಎಂಬ ನೋಂದಣಿ ಬಂತು, 'ಬಾಗಿಲು ಬಾಯಿ' ಎಂದು ಅಕ್ಷರಾರ್ಥ. ಯಾವ ಬಾಗಿಲಿಗೆ ಸೇರಿದ ಬಾಯಿ ಎಂದು ಬರೆದುಕೊಂಡು, ಆ ಬಾಯಿಗೆ ರೇಷನ್, ಶಾಲೆ, ಆಸ್ಪತ್ರೆ ಅಲ್ಲಿಯೇ ಎಂದು ಕಟ್ಟಿಹಾಕಿದರು. ಹಳ್ಳಿಯ ಬಾಯಿ ದೊಡ್ಡ ಪಟ್ಟಣಕ್ಕೆ ಬಂದರೆ ದುಡಿಯಬಹುದು, ಆ ಪಟ್ಟಣದ ಬಾಯಿ ಆಗುವುದು ಕಷ್ಟ. ಊರಿನ ಅಧಿಕಾರಿಗೆ ಫುಮುಗುವಾನ್ ಎಂಬ ಹಳೆಯ ಹೆಸರು, 'ಅಪ್ಪ ಅಮ್ಮ ಅಧಿಕಾರಿ'. ಅಮಲ್ದಾರರ ಮುಂದೆ ಕೈಮುಗಿದು "ನೀವೇ ನಮ್ಮ ತಂದೆ ತಾಯಿ" ಎನ್ನುತ್ತಿದ್ದ ನಮ್ಮ ರೈತರಿಗೆ ಈ ಪದಕ್ಕೆ ಅನುವಾದ ಬೇಕಿರಲಿಲ್ಲ.

ಜನ, ಅಧಿಕಾರಿ ಆದರು, ಇನ್ನು ಪಕ್ಷ. ಪಕ್ಷ ಎನ್ನುವ ದಾಂಗ್ ಪದದ ಹಳೆಯ ಅಕ್ಷರದೊಳಗೆ ಕಪ್ಪು ಎಂಬ ಅಕ್ಷರ ಅಡಗಿದೆ. ಸಭ್ಯನು ಗುಂಪು ಕಟ್ಟಬಾರದು ಎಂಬ ಕಾಲದಲ್ಲಿ ದಾಂಗ್ ಎಂದರೆ ಕೂಟ, ಒಳಸಂಚಿನ ಪಟಾಲಮ್ಮು. ಅಕ್ಷರಗಳನ್ನು ಸರಳ ಮಾಡಿದಾಗ ಚೀನಾದಲ್ಲಿ ಆ ಕಪ್ಪು ಮಾಯವಾಯಿತು. ತೈವಾನಿನಲ್ಲಿ ಇನ್ನೂ ಇದೆ.

ಮೇಲಿನಿಂದ ಇಳಿದ ಪದಗಳಾದವು, ಕೆಳಗಿನಿಂದ ಎದ್ದವೂ ಇವೆ. ಅಧಿಕಾರಕ್ಕೆ ಬರುವುದೆಂದರೆ ರಂಗ ಹತ್ತುವುದು, ಹೋಗುವುದೆಂದರೆ ರಂಗ ಇಳಿಯುವುದು. ಒಬ್ಬನಿಗೆ ದೊಡ್ಡವರ ಬೆಂಬಲವಿದೆ ಎನ್ನಲು 'ಅವನಿಗೆ ಹೌತಾಯ್ ಇದೆ' ಎನ್ನುತ್ತಾರೆ. ಹೌತಾಯ್ ಅಂದರೆ ರಂಗದ ಹಿಂಬದಿ. ಯಕ್ಷಗಾನದವರ ಮಾತಿನಲ್ಲಿ ಚೌಕಿ. ಅವನ ಚೌಕಿ ಗಟ್ಟಿ ಎಂದ ಹಾಗಾಯಿತು. ಹಿಂಬಾಗಿಲಿನಿಂದ ಕೆಲಸ ಮಾಡಿಸಿಕೊಳ್ಳುವುದು ಅಲ್ಲಿಯೂ ಹಿಂಬಾಗಿಲೇ. ನಾವು ಬಕೆಟ್ ಹಿಡಿಯುವ ಕಡೆ ಅವರು ಕುದುರೆಯ ಬೆನ್ನ ಹಿಂಭಾಗ ತಟ್ಟುತ್ತಾರೆ. ಲಂಚದಲ್ಲಿ ಸಿಕ್ಕಿಬಿದ್ದ ಅಧಿಕಾರಿ ಕುದುರೆಯಿಂದ ಬಿದ್ದ. ದೊಡ್ಡ ಕಳ್ಳ ಹುಲಿ, ಸಣ್ಣವನು ನೊಣ. ಹು ಜಿಂತಾವೊ ಕಾಲದಲ್ಲಿ 'ಸಾಮರಸ್ಯದ ಸಮಾಜ' ಎಂಬ ಘೋಷಣೆ ಬಂತು. ಇಂಟರ್‌ನೆಟ್ಟಿನಲ್ಲಿ ಬರೆದದ್ದು ಅಳಿಸಿಹೋದರೆ ಹುಡುಗರು 'ನನ್ನ ಬರಹವನ್ನು ಸಾಮರಸ್ಯ ಮಾಡಿಬಿಟ್ಟರು' ಎನ್ನತೊಡಗಿದರು. ಆ ಮಾತಿಗೂ ಕತ್ತರಿ ಬಿತ್ತು. ಸಾಮರಸ್ಯಕ್ಕೆ ಹೆಶಿಯೆ ಎನ್ನುತ್ತಾರೆ, ಹೊಳೆಯ ಏಡಿಗೂ ಹೆಚ್ಚುಕಡಿಮೆ ಅದೇ ದನಿ. ಹುಡುಗರು ಏಡಿಯ ಚಿತ್ರ ಹಾಕತೊಡಗಿದರು.

ಇನ್ನೊಂದು ಪದ ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಎಂಜಿನಿಯರ್ ಊರಿಗೆ ಹೊರಡುವ ಮುಂಚಿನ ಭಾನುವಾರ. ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡಿದ್ದರು. ಇಷ್ಟು ದಿನ ಪಾಠ ಹೇಳಿದವರಿಗೆ ಅವರದೇ ಭಾಷೆಯಲ್ಲಿ ಉಪಚಾರದ ಮಾತಾಡಬೇಕೆಂದು ವಾರವಿಡೀ ಒಂದು ವಾಕ್ಯವನ್ನು ಉರುಹೊಡೆದಿದ್ದೆ. ಬಾಗಿಲಲ್ಲಿ ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, ದನಿ ಏರಿಸಿ ಇಳಿಸಿ ಹೇಳಿದೆ: "ಚಿಂಗ್ ನಿ ಹೆ ಚಾ." ದಯವಿಟ್ಟು ಬನ್ನಿ, ಚಹಾ ಕುಡಿಯೋಣ. ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತರು. ಒಂದು ಕ್ಷಣ ಮುಖ ನೋಡಿ ಜೋರಾಗಿ ನಕ್ಕರು. ಅಲ್ಲಿಯ ಪೊಲೀಸರು ಯಾರನ್ನಾದರೂ ವಿಚಾರಣೆಗೆ ಕರೆಸುವಾಗ ಹೇಳುವ ಮಾತೂ ಇದೇ ಎಂದು ಆಮೇಲೆ ಗೊತ್ತಾಯಿತು. ನಗು ನಿಂತ ಮೇಲೆ ಅವರು ಕನ್ನಡದಲ್ಲಿ ಕೇಳಿದರು, "ಮೇಷ್ಟ್ರೇ, ಯಾವ ಸ್ಟೇಷನ್ನು?"